ಉಸ್ತಾದರ ಹುಕುಂ

ಶಹಾಬಾದ
೧೪ ಜನವರಿ ೧೯೫೧

ಗೆಳೆಯ ಕಲ್ಯಾಣಪ್ಪನಿಗೆ, ಕಾಶಪ್ಪನ ನಮಸ್ಕಾರ.

ಇದು ಕ್ಷೇಮ ಕೇಳುವ ಕಾಗದವಲ್ಲ. ನೀನು ಕ್ಷೇಮವಾಗಿಲ್ಲ ಎಂಬುದು ನನಗೆ ಗೊತ್ತಾಗಿಯೇ ಬರೆಯುತ್ತಿದ್ದೇನೆ. ಮೊನ್ನೆ ಚಿಂಚೋಳಿಯಿಂದ ಫರಸಿ ಕಲ್ಲು ಕೊಳ್ಳಲು ಒಬ್ಬರು ನಮ್ಮ ಗಣಿಗೆ ಬಂದಿದ್ದರು. ಚಹಾ ಕುಡಿಯುತ್ತ ಕೂತಾಗ, ಯಾವ ಊರಿನ ಸುದ್ದಿ ಕೇಳಿದರೂ ಹೇಳುವ ಜಾತಿಯ ಮನುಷ್ಯ, ನಿಮ್ಮೂರಿನದನ್ನೂ ಹೇಳಿದರು. "ನಮ್ಮ ಸಾಲಿ ಮಾಸ್ತರ ಕಲ್ಯಾಣಪ್ಪ ಅಂತ ಅದಾರ ನೋಡ್ರಿ, ದೀಪಾವಳಿ ಆದಾಗಿಂದ ಸಾಲಿಗೇ ಬರವಲ್ರು. ಗೋಡಿ ಕಡಿ ಮುಖ ಮಾಡಿ ಮಲಗತಾರಂತ. ಬೋರ್ಡಿನ ಮ್ಯಾಲ ಬರ್ಯಾಕ ಖಡು ಹಿಡದ್ರ ಕೈ ನಡಗತಾವಂತ. ಭಾಳ ಚಲೋ ಮನಷ್ಯಾ ಇದ್ರು." ಇದ್ರು ಅಂದ ಮಾತು ಕೇಳಿ ನನಗೆ ಸಿಟ್ಟು ಬಂತು. ಬದುಕಿರುವವನನ್ನು ಇದ್ರು ಅನ್ನುತ್ತಾರೆಯೇ? ಆ ಮನುಷ್ಯನಿಗೆ ಕಲ್ಲನ್ನೇನೋ ಕೊಟ್ಟೆ, ಒಳ್ಳೆಯದನ್ನು ಕೊಡಲಿಲ್ಲ.

ಬಸವಂತರಾಯ ಹೋಗಿ ಎರಡು ವರ್ಷ ಮೇಲಾಯಿತು. ರಜಾಕಾರರ ಹಾವಳಿಯ ಆ ಬೇಸಿಗೆಯಲ್ಲಿ ಅವರ ಕೈಯಲ್ಲಿ ಸತ್ತ ನಿನ್ನ ಒಬ್ಬನೇ ತಮ್ಮನನ್ನು ನೀನು ಆಡಕಿಯ ದಾರಿಯಿಂದ ಚಕ್ಕಡಿಯಲ್ಲಿ ಮನೆಗೆ ತಂದೆ ಎಂದು ಕೇಳಿದ್ದೆ. ದಾರಿಗಳು ಬಂದಾಗಿದ್ದವು, ಬರಲಾಗಲಿಲ್ಲ. ದಾರಿ ತೆರೆದ ಮೇಲೆ ಏನು ಮಾತಾಡಬೇಕೆಂದು ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ, ಆದರೆ ಬರೆಯದೆ ಇರಲು ಆಗುತ್ತಿಲ್ಲ.

ಚಿತ್ತಾಪುರದ ತಾಲೀಮು, ಕುಸ್ತಿಯ ಆ ಗರಡಿ ನೆನಪಾಗುತ್ತದೆಯೇ? ಕೋಳಿ ಕೂಗುವ ಮೊದಲೇ ನಾವು ನಾಲ್ಕು ಹುಡುಗರು ಲಂಗೋಟಿ ಕಟ್ಟಿಕೊಂಡು ಕೆಮ್ಮಣ್ಣಿನ ಅಂಚಿಗೆ ನಡುಗುತ್ತ ನಿಂತಿರುತ್ತಿದ್ದೆವು. ನೀನು, ನಿನ್ನ ತಮ್ಮ, ಉಸ್ತಾದ ಹಾಜಿಮಲಂಗ್‌ರ ಮಗ ಸರ್ದಾರ, ಮತ್ತೆ ಸನ್ನತಿಯಿಂದ ಸೋದರತ್ತೆಯ ಮನೆಗೆ ಓದಲು ಬಂದಿದ್ದ ನಾನು, ಈ ಹೊಳೆದಂಡೆಯವನು. ಉಸ್ತಾದರು ಆ ಮಣ್ಣಿಗೆ ಮಜ್ಜಿಗೆ, ಎಳ್ಳೆಣ್ಣೆ, ಅರಿಷಿಣ ಹಾಕಿ ಮಗುವಿಗೆ ಎರೆಯುವ ಹಾಗೆ ಹದ ಮಾಡುತ್ತಿದ್ದರು. ಈಗಲೂ ಮೊದಲ ಮಳೆ ಬಿದ್ದ ದಿನ ನನ್ನ ಮೂಗಿಗೆ ಆ ವಾಸನೆಯೇ ಬರುತ್ತದೆ. ಕೆಲಸ ಬಿಟ್ಟು ಸುಮ್ಮನೆ ನಿಲ್ಲುತ್ತೇನೆ. ಮೇಸ್ತ್ರಿಗೆ ತಲೆ ಕೆಟ್ಟಿತು ಎಂದು ಕೂಲಿಯವರು ನಗುತ್ತಾರೆ.

ನೀನು ಮಿಡ್ಲ್ ಪರೀಕ್ಷೆಯಲ್ಲಿ ನಪಾಸಾದ ದಿನವನ್ನು ನಾನು ಮರೆತಿಲ್ಲ. ನಿಮ್ಮಪ್ಪ ಚಿಂಚೋಳಿಯಿಂದ ಬಂದು ಬಜಾರಿನಲ್ಲೇ ನಿನಗೆ ಹೊಡೆದರು. ನಾಳೆ ಇವನು ಮುಖ ತೋರಿಸುವುದಿಲ್ಲ ಎಂದು ನಾವು ಮೂವರೂ ಮಾತಾಡಿಕೊಂಡಿದ್ದೆವು. ಮರುದಿನ ಹೋಗಿ ನೋಡಿದರೆ ನಮಗಿಂತ ಮೊದಲೇ ನೀನು ಅಲ್ಲಿ! "ಅಳು ಬರಲಿಲ್ಲೇನೋ?" ಅಂತ ನಾನು ಕೇಳಿದೆ. "ಬಂದಿತ್ತು. ಸಾಮು ಮುಗಿಸಿ ಅಳಬೇಕಂತ ಇಟ್ಟಿದ್ದೆ. ಮುಗಿಸಿದ ಮ್ಯಾಲ ಹಸಿವು ಆತು" ಅಂದೆ. ಊದುಬತ್ತಿಯಂತಿದ್ದ ಹುಡುಗ ನೀನು, ಆವತ್ತಿನಿಂದ ನನಗೆ ನಿನ್ನ ಮೇಲೆ ಒಳಗೊಳಗೇ ಗೌರವ ಹುಟ್ಟಿತು.

ಆ ಹುಡುಗ ಎಲ್ಲಿ ಹೋದ? ಒಂದು ಸಾಲು ಬರೆ. ಅಕ್ಷರ ಸೊಟ್ಟಗಿದ್ದರೂ ನಡೆಯುತ್ತದೆ.

ನಿನ್ನ
ಕಾಶಪ್ಪ


ಶಹಾಬಾದ
೨೦ ಫೆಬ್ರುವರಿ ೧೯೫೧
(ಕಾರ್ಡು)

ಕಲ್ಯಾಣಪ್ಪನಿಗೆ,

ಉತ್ತರ ಬರಲಿಲ್ಲ. ಆಗಲಿ. ದೊಡ್ಡ ಉಸ್ತಾದರ ಹುಕುಂ ಆಗಿದೆ. ದಿನಾ ಬೆಳಿಗ್ಗೆ ಹತ್ತು ದಂಡ, ಇಪ್ಪತ್ತು ಬೈಠಕ. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು. ಜಡ್ಡು, ಜ್ವರ, ಯಾವ ಸಬೂಬೂ ನಡೆಯುವುದಿಲ್ಲ.

ಕಾಶಪ್ಪ


ಚಂದಾಪುರ, ಚಿಂಚೋಳಿ
೩ ಮಾರ್ಚ್ ೧೯೫೧

ಕಾಶಪ್ಪ ಅಣ್ಣನವರಿಗೆ, ಕಲ್ಯಾಣಪ್ಪನವರ ಮನೆಯವಳು ಭಾಗಮ್ಮ ಮಾಡುವ ಶರಣಾರ್ಥಿಗಳು.

ನಾನು ನಿಮ್ಮನ್ನು ನೋಡಿಲ್ಲ. ನಮ್ಮವರ ಬಾಯಲ್ಲಿ ನಿಮ್ಮ ಹೆಸರು ಬಹಳ ಸಲ ಕೇಳಿದ್ದೇನೆ, ಆ ಧೈರ್ಯದಿಂದ ಬರೆಯುತ್ತಿದ್ದೇನೆ. ಅವರಿಗೆ ಹೇಳಿಲ್ಲ. ನಿಮ್ಮ ಮೊದಲಿನ ಲಕೋಟೆ ಒಡೆಯದೆ ತಲೆದಿಂಬಿನ ಕೆಳಗೆ ಇದೆ. ಕಾರ್ಡು ಬಂದಾಗ ಟಪಾಲಿನವರು ನನ್ನ ಕೈಗೆ ಕೊಟ್ಟರು. ನನಗೆ ಅಜ್ಜಿ ವಚನ ಓದಿಸುತ್ತ ಕಲಿಸಿದ ಕನ್ನಡ ಬರುತ್ತದೆ, ಕೂಡಿಸಿ ಕೂಡಿಸಿ ಓದಿದೆ. ಓದಿದಾಗಿನಿಂದ ಊಟ ಸೇರುತ್ತಿಲ್ಲ.

ಅಣ್ಣ, ನಮ್ಮವರು ಏನು ತಪ್ಪು ಮಾಡಿದರೆಂದು ದಂಡ? ಜಡ್ಡಾದದ್ದು ತಪ್ಪೇ? ಅದೂ ದಿನಾ ಹತ್ತು! ಇಪ್ಪತ್ತು ಬೈಠಕ ಎಂದರೆ ಇಪ್ಪತ್ತು ಸಲ ಪಂಚರ ಮುಂದೆ ಹೋಗಿ ಕೂಡಬೇಕೇ? ಹಾಸಿಗೆಯಿಂದ ಏಳದವರನ್ನು ಯಾರು ಕರೆದುಕೊಂಡು ಹೋಗಬೇಕು? ಉಸ್ತಾದರೆಂದರೆ ಸಾಲೆಯ ದೊಡ್ಡ ಮಾಸ್ತರರೇ ಇರಬೇಕೆಂದು ತಿಳಿದು, ಸೆರಗು ಹೊದ್ದುಕೊಂಡು ಅವರ ಮನೆ ಬಾಗಿಲಿಗೆ ಹೋದೆ. "ಎಪ್ಪಾ, ದಂಡ ಮಾಫ್ ಮಾಡ್ರಿ. ಇಲ್ಲಾಂದ್ರ ಸ್ವಲ್ಪ ಕಡಿಮಿ ಮಾಡ್ರಿ" ಎಂದೆ. ಅವರು "ಯಾವ ದಂಡ ತಾಯಿ?" ಅಂದರು. "ಬೈಠಕಕ್ಕ ಬೇಕಾದ್ರ ನಾ ಬಂದು ಕುಂದರತೀನಿ" ಎಂದೆ. ಅವರು ನನ್ನನ್ನೇ ನೋಡಿ, ಒಳಗಿನಿಂದ ನೀರು ತರಿಸಿ ಕೊಟ್ಟರು. ಬೇಕೆಂದೇ ಮರೆಮಾಚುತ್ತಿದ್ದಾರೆ ಎಂದುಕೊಂಡು ಬಂದೆ. ಕಿವಿಯ ಬುಗುಡಿ ತೆಗೆದು ಅರಿವೆಯಲ್ಲಿ ಕಟ್ಟಿಟ್ಟಿದ್ದೇನೆ. ಅದು ಸಾಲುತ್ತದೆಯೇ ಎಂದು ನೀವೇ ಕೇಳಿ ತಿಳಿಸಬೇಕು.

ದೊಡ್ಡ ಮಾಸ್ತರರು ಇನ್ನೊಂದು ಮಾತು ಹೇಳಿದರು, ಅದು ಮಾತ್ರ ನಿಜ. ಜೂನಿನಲ್ಲಿ ಸಾಲೆ ತೆರೆದಾಗ ಇವರು ಬಂದು ಬೋರ್ಡಿನ ಮುಂದೆ ನಿಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರಂತೆ. ಉರ್ದುವಿನಲ್ಲಿ ಕಲಿಸುತ್ತಿದ್ದ ಸಾಲೆ ಈಗ ಕನ್ನಡವಾಗಿದೆ. ಇವರ ಕೈಗೆ ಬಲದಿಂದ ಎಡಕ್ಕೆ ಬರೆದು ರೂಢಿ. ಒಂದು ದಿನ ಮರೆತು ಬೋರ್ಡಿನ ಆ ತುದಿಯಿಂದ ಕನ್ನಡ ಶುರುಮಾಡಿದರಂತೆ, ಹುಡುಗರು ನಕ್ಕರಂತೆ. ಆ ದಿನ ಕೈ ನಡುಗಲು ಶುರುವಾದದ್ದು ನಿಂತಿಲ್ಲ. ಬಸವಂತ ಮೈದುನ ಹೋದಾಗ ಇವರು ಅತ್ತಿರಲಿಲ್ಲ. ಅದೆಲ್ಲ ಈಗ ಕೈಯಲ್ಲಿ ಬಂದಿದೆ ಎಂದು ನನಗೆ ಅನಿಸುತ್ತದೆ.

ಕೆಲಸ ಹೋದರೆ ಹೋಗಲಿ ಅಣ್ಣ, ರೊಟ್ಟಿ ತಟ್ಟಿಯಾದರೂ ಬದುಕುತ್ತೇನೆ. ಇವರು ಗೋಡೆಯಿಂದ ಈ ಕಡೆ ತಿರುಗುವುದೇ ಇಲ್ಲವೇನೋ ಎಂದು ಹೆದರಿಕೆ. ಮದುವೆಯಾದ ಹೊಸತರಲ್ಲಿ ನನ್ನ ಸೇಡಂ ಸೀಮೆಯ ಮಾತನ್ನು ಎಷ್ಟು ಅಣಕಿಸುತ್ತಿದ್ದರು! ಈಗ ಅಣಕಿಸಿದರೂ ಸಾಕಾಗಿದೆ.

ಇತಿ ನಿಮ್ಮ ತಂಗಿ ಸಮಾನಳಾದ
ಭಾಗಮ್ಮ


ಶಹಾಬಾದ
೧೦ ಮಾರ್ಚ್ ೧೯೫೧

ತಂಗಿ ಭಾಗಮ್ಮನಿಗೆ ಕಾಶಪ್ಪನ ಆಶೀರ್ವಾದ.

ಮೊದಲು ಬುಗುಡಿ ಕಿವಿಗೆ ಹಾಕಿಕೋ. ಹಾಕಿಕೊಂಡು ಮುಂದೆ ಓದು.

ನಿನ್ನ ಕಾಗದ ಓದಿ ನಾನು ನಕ್ಕ ನಗೆಗೆ ಪಕ್ಕದ ಮನೆಯವರು ಬಂದು ನೋಡಿದರು. ಆಮೇಲೆ ಕಣ್ಣಲ್ಲಿ ನೀರು ಬಂತು, ಅದು ನಗುವಿನದೋ ಬೇರೆಯದೋ ಗೊತ್ತಾಗಲಿಲ್ಲ. ತಂಗಿ, ಆ ದಂಡ ಬೇರೆ. ತಾಲೀಮಿನಲ್ಲಿ ಅಂಗೈ ಊರಿ ಎದೆಯನ್ನು ನೆಲದವರೆಗೆ ಇಳಿಸಿ ಎತ್ತುವುದಕ್ಕೆ ದಂಡ ಅನ್ನುತ್ತೇವೆ. ನಿಂತಲ್ಲೇ ಕೂತು ಏಳುವುದಕ್ಕೆ ಬೈಠಕ. ಉಸ್ತಾದರು ಎಂದರೆ ಸಾಲೆಯವರಲ್ಲ, ನಮಗೆ ಕುಸ್ತಿ ಕಲಿಸಿದ ಹಾಜಿಮಲಂಗ್ ಉಸ್ತಾದರು. ಯಾವ ಪಂಚರೂ ನಿನ್ನ ಗಂಡನನ್ನು ಕರೆದಿಲ್ಲ. ದೊಡ್ಡ ಮಾಸ್ತರರಿಗೆ ಮಾತ್ರ ಪಾಪ, ನಿನ್ನ ಚಿಂತೆ ಹತ್ತಿರಬೇಕು.

ಮದುವೆಯಾದ ಮೇಲೆ ಅವನು ಸಾಮು ಬಿಟ್ಟ ಎಂದು ಕಾಣುತ್ತದೆ, ಅದಕ್ಕೇ ನಿನಗೆ ಗೊತ್ತಿಲ್ಲ. ಈ ಕಾಗದ, ಆ ಕಾರ್ಡು ಎರಡನ್ನೂ ಅವನಿಗೆ ಓದಿ ಹೇಳು, ನೀನು ನನಗೆ ಬರೆದದ್ದನ್ನೆಲ್ಲ ಹೇಳು. ಬುಗುಡಿಯದನ್ನೂ, ಬೈಠಕಕ್ಕೆ ನೀನೇ ಹೋಗಿ ಕೂಡುತ್ತೇನೆ ಅಂದದ್ದನ್ನೂ ಬಿಡಬೇಡ.

ಈಗ ಬರೆಯುವುದನ್ನು ಓದಿ ಹೇಳಬೇಡ, ನಿನಗೆ ಮಾತ್ರ. ಉಸ್ತಾದರು ಯಾವ ಹುಕುಮನ್ನೂ ಕೊಟ್ಟಿಲ್ಲ. ನನ್ನ ಮಾತನ್ನು ನಿನ್ನ ಗಂಡ ಯಾವ ಕಾಲದಲ್ಲೂ ಕೇಳಿದವನಲ್ಲ, ಉಸ್ತಾದರ ಮಾತನ್ನು ಮೀರಿದವನೂ ಅಲ್ಲ. ಅದಕ್ಕೆ ಅವರ ಹೆಸರು ಹಾಕಿ ಬರೆದೆ. ಉಸ್ತಾದರಿಗೆ ಈಗ ಹುಕುಂ ಕೊಡುವ ಶಕ್ತಿಯೇ ಇಲ್ಲ. ಬಸವಂತ ಹೋದ ವರ್ಷವೇ, ರಜಾಕಾರರನ್ನು ಅಡಗಿಸಲು ಭಾರತದ ಫೌಜು ಬಂದ ಮೇಲಿನ ಗದ್ದಲದಲ್ಲಿ, ಅವರ ಮಗ ಸರ್ದಾರ ಹಿಟ್ಟು ತರಲು ಹೋದವನು ತಿರುಗಿ ಬರಲಿಲ್ಲ. ಯಾರ ಗುಂಪಿಗೂ ಸೇರಿದ ಹುಡುಗನಲ್ಲ ಅವನು. ಉಸ್ತಾದರು ತಾಲೀಮಿಗೆ ಬೀಗ ಹಾಕಿ ವಾಡಿಯಲ್ಲಿ ಮಗಳು ಅಮೀರ್ಬೀಯ ಮನೆ ಸೇರಿದ್ದಾರೆ. ನಾನು ನೋಡಲು ಹೋಗಿದ್ದೆ. ಮಂಚದ ಮೇಲಿಂದ ತಿರುಗಿ ಕೂಡ ನೋಡಲಿಲ್ಲ. ಇಲ್ಲೊಬ್ಬರು, ಅಲ್ಲೊಬ್ಬ, ಇಬ್ಬರೂ ಗೋಡೆ ಕಡೆಗೇ.

ನಾನು ಹೆಚ್ಚು ಓದಿದವನಲ್ಲ, ಮನಸ್ಸಿಗೆ ಮದ್ದು ಏನೆಂದು ತಿಳಿಯದು. ಸರ್ದಾರನ ಸಾವಿನ ಸುದ್ದಿ ಬಂದ ಮರುದಿನವೂ ನಾನು ಎದ್ದು ನನ್ನ ಸಾಮು ಮಾಡಿದೆ. ಕಲ್ಲುಮನಸ್ಸಿನವನು ಎಂದು ನನ್ನ ಹೆಂಡತಿ ಬೈದಳು. ಮಾಡದಿದ್ದರೆ ನಾನೂ ಮಂಚ ಹಿಡಿಯುತ್ತಿದ್ದೆ ಎಂದು ಅವಳಿಗೆ ಹೇಗೆ ಹೇಳಲಿ?

ನಿನ್ನ ಅಣ್ಣ
ಕಾಶಪ್ಪ


ಚಂದಾಪುರ, ಚಿಂಚೋಳಿ
೮ ಏಪ್ರಿಲ್ ೧೯೫೧

ಕಾಶಪ್ಪ ಅಣ್ಣನವರಿಗೆ ಭಾಗಮ್ಮನ ಶರಣಾರ್ಥಿಗಳು.

ನೀವು ಹೇಳಿದಂತೆ ಓದಿ ಹೇಳಿದೆ, ಬಿಡಬೇಕಾದದ್ದನ್ನು ಬಿಟ್ಟೆ. ಗೋಡೆಯ ಕಡೆ ಮುಖ ಮಾಡಿಯೇ ಕೇಳಿಸಿಕೊಂಡರು. ಬೈಠಕಕ್ಕೆ ನಾನು ಬಂದು ಕುಂದರತೀನಿ ಎಂಬಲ್ಲಿಗೆ ಬರುತ್ತಲೇ ಬೆನ್ನು ಅಲುಗತೊಡಗಿತು. ಜ್ವರದ ನಡುಕವೇನೋ ಎಂದು ಮುಟ್ಟಿದರೆ ನಗುತ್ತಿದ್ದಾರೆ! ತಿರುಗಿ ಕೂತು, "ಇಪ್ಪತ್ತು ಬೈಠಕ ನೀ ಹೊಡಿತಿದ್ದೇನ? ಹೊಡಿ ನೋಡಮು" ಎಂದು ನನ್ನ ಸೇಡಂ ಸೀಮೆಯ ಮಾತಿನ ಹಾಗೆಯೇ ಅಣಕಿಸಿದರು. ನಾನು ಅಡಿಗೆ ಮನೆಗೆ ಓಡಿಹೋಗಿ ಸೆರಗು ಬಾಯಿಗೆ ಹಿಡಿದು ಅತ್ತೆ.

ನಾಲ್ಕಾರು ದಿನ ಬಿಟ್ಟು ನಸುಕಿನಲ್ಲಿ ದನದ ಕೊಟ್ಟಿಗೆಯಲ್ಲಿ ಏನೋ ಬಿದ್ದ ಸಪ್ಪಳ. ಹೋಗಿ ನೋಡಿದರೆ ಇವರೇ, ಅಂಗಿ ಬಿಚ್ಚಿ ನೆಲಕ್ಕೆ ಒರಗಿದ್ದಾರೆ, ಎಮ್ಮೆ ಹಗ್ಗ ಜಗ್ಗುತ್ತಿದೆ. ಒಂದು ಇಳಿದರಂತೆ, ಎತ್ತಲಾಗಲಿಲ್ಲವಂತೆ. "ಹೋಗು ಅತ್ಲಾಗ, ನೋಡಬ್ಯಾಡ" ಅಂದರು. ಆಗಿನಿಂದ ನಾನು ನೋಡುವುದಿಲ್ಲ, ಸಪ್ಪಳ ಮಾತ್ರ ಕೇಳುತ್ತೇನೆ. ಎಮ್ಮೆ ಹೆದರಿ ಹಾಲು ಕಡಿಮೆ ಮಾಡಿದೆ. ಮಾಡಿದರೆ ಮಾಡಲಿ.

ಭಾಗಮ್ಮ


ಚಿಂಚೋಳಿ
೨೨ ಜುಲೈ ೧೯೫೧

ಕಾಶ್ಯಾ,

ಶರಣು. ಈ ಕಾಗದವನ್ನು ನಾನೇ ಬರೆಯುತ್ತಿದ್ದೇನೆ, ಮೂರು ದಿನದಿಂದ ಬರೆಯುತ್ತಿದ್ದೇನೆ. ಮೊದಲ ಸಾಲು ಭಾನುವಾರದ್ದು. ನಡುಕ ಪೂರ್ತಿ ಹೋಗಿಲ್ಲ, ಕ ಬರೆಯಲು ಹೋದರೆ ಒಮ್ಮೊಮ್ಮೆ ತ ಆಗುತ್ತದೆ.

ಸಾಲೆ ತೆರೆದ ದಿನವೇ ಹೋದೆ. ನಿನಗೆ ಸುಳ್ಳು ಹೇಳಲಾರೆ, ಹೋಗುವ ದಾರಿಯಲ್ಲಿ ಎರಡು ಸಲ ತಿರುಗಿ ಮನೆಯ ಕಡೆಗೆ ನಡೆದೆ. ಬೋರ್ಡಿನ ಮುಂದೆ ನಿಂತು ಈ ತುದಿಯಿಂದಲೇ ಶುರುಮಾಡಿದೆ. ಅಕ್ಷರ ಸೊಟ್ಟ, ಆದರೆ ಎಡದಿಂದ ಬಲಕ್ಕೆ. ಯಾರೂ ನಗಲಿಲ್ಲ. ನಕ್ಕಿದ್ದರೂ ಆವತ್ತು ತಡೆದುಕೊಳ್ಳುತ್ತಿದ್ದೆನೇನೋ.

ಆಮೇಲೆ ಹಾಜರಿ ಕರೆಯುವಾಗ ಬಿದ್ದೆ. ಈ ವರ್ಷ ಎರಡನೆಯ ಇಯತ್ತೆಗೆ ಒಬ್ಬ ಹೊಸ ಹುಡುಗ ಸೇರಿದ್ದಾನೆ, ಹೆಸರು ಬಸವಂತರಾಯ. ಹೆಸರು ಬಾಯಿಗೆ ಬರಲಿಲ್ಲ. ಎದುರಿಗೆ ಚಕ್ಕಡಿ ಬಂದಂತಾಯಿತು, ಅದರ ಹಿಂದುಗಡೆಯಿಂದ ತಮ್ಮನ ಕಾಲು ಕಾಣುತ್ತಿತ್ತು, ಅದೇ ಚಕ್ಕಡಿ. ಹಾಜರಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದು ಮಲಗಿದೆ. ಮರುದಿನವೂ ಏಳಲಿಲ್ಲ. ಭಾಗಮ್ಮ ಬಾಗಿಲ ಹತ್ತಿರ ಬಂದು ಬಂದು ಹೋಗುತ್ತಿದ್ದಳು. ಎಲ್ಲ ಮುಗಿಯಿತು, ಇಷ್ಟು ದಿನ ಮಾಡಿದ್ದೆಲ್ಲ ದಂಡವಾಯಿತು ಎಂದುಕೊಂಡೆ.

ಅದರ ಮರುದಿನ ನಸುಕಿನಲ್ಲಿ ಕಣ್ಣು ಬಿಟ್ಟಾಗ ನಾನು ಕೊಟ್ಟಿಗೆಯಲ್ಲಿದ್ದೆ ಕಾಶ್ಯಾ. ಅಂಗಿ ಬಿಚ್ಚಿದ್ದೆ. ನನಗೆ ಏಳುವ ಮನಸ್ಸೇ ಇರಲಿಲ್ಲ. ಮೈಗೆ ರೂಢಿಯಾಗಿಬಿಟ್ಟಿತ್ತು, ಅದು ನನ್ನನ್ನು ಕೇಳದೆ ತಾನೇ ಎದ್ದುಹೋಗಿತ್ತು. ತಪ್ಪಿದ ದಿನದ್ದೂ ಸೇರಿಸಿ ತೆಗೆದೆ, ಉಸ್ತಾದರ ಹುಕುಂ ಅಲ್ಲವೇ? ಆಮೇಲೆ ಮಿಂದು ಸಾಲೆಗೆ ಹೋಗಿ ಆ ಹುಡುಗನ ಹೆಸರು ಕರೆದೆ. ಅವನು ಮೂಗು ಒರೆಸಿಕೊಳ್ಳುತ್ತ "ಹಾಜರ್ ಸಾಬ್" ಅಂದ. ಸಾಲೆ ಕನ್ನಡವಾದರೂ ಇವನಿಗಿನ್ನೂ ಗೊತ್ತಿಲ್ಲ. ಈಗ ದಿನವೂ ಕರೆಯುತ್ತೇನೆ.

ದುಃಖ ಕಡಿಮೆಯಾಗಿದೆ ಅನ್ನಲಾರೆ. ಮೊದಲು ಅದು ಬಂದಾಗ ನಾನು ಮಲಗಿರುತ್ತಿದ್ದೆ, ಬಂದು ಎದೆಯ ಮೇಲೆ ಕೂತುಬಿಡುತ್ತಿತ್ತು. ಈಗ ಬಂದಾಗ ನನ್ನ ಅಂಗೈ ನೆಲದ ಮೇಲಿರುತ್ತದೆ. ಅದಕ್ಕೆ ಕೂಡಲು ಜಾಗ ಸಿಗುವುದಿಲ್ಲವೋ, ನನಗೆ ಪುರಸೊತ್ತು ಇರುವುದಿಲ್ಲವೋ ತಿಳಿಯದು. ಬೆವರು ಬಂದ ಮೇಲೆ ರೊಟ್ಟಿ ರುಚಿಸುತ್ತದೆ. ರೊಟ್ಟಿ ರುಚಿಸಿದ ದಿನ ನಿದ್ದೆಯೂ ಬರುತ್ತದೆ. ಇಷ್ಟೇ ನನಗೆ ತಿಳಿದದ್ದು.

ಒಂದು ಮಾತನ್ನು ಬರೆಯಲೋ ಬೇಡವೋ ಎಂದು ಯೋಚಿಸಿದೆ. ಬಸವಂತ ಹೋದ ಮೇಲೆ ನಾನು ಉಸ್ತಾದರಿಗೆ ಒಂದು ಅಕ್ಷರ ಬರೆದಿರಲಿಲ್ಲ. ಯಾಕೆಂದು ನೀನು ಬಲ್ಲೆ, ನನ್ನಿಂದ ಹೇಳಿಸಬೇಡ. ಸರ್ದಾರನ ಸುದ್ದಿ ಕೇಳಿದ ಮೇಲೆಯೂ ಬರೆಯಲಿಲ್ಲ. ಅಂಥವನ ಮೇಲೆ ಅವರು ಹುಕುಂ ಕಳಿಸಿದರಲ್ಲ, ಇವನು ಇನ್ನೂ ನನ್ನ ಹುಡುಗ ಅಂದರಲ್ಲ! ಅದು ನನ್ನನ್ನು ಎಬ್ಬಿಸಿತು. ಅವರ ಪಾದ ಮುಟ್ಟಬೇಕು.

ಕಲ್ಯಾಣಪ್ಪ


ಶಹಾಬಾದ
೧೨ ಆಗಸ್ಟ್ ೧೯೫೧

ಕಲ್ಯಾಣಪ್ಪನಿಗೆ,

ನಿನ್ನ ಸೊಟ್ಟ ಅಕ್ಷರ ನೋಡಿ ಕಣ್ಣು ತಣಿಯಿತು. ನಮ್ಮ ನಾಲ್ವರಲ್ಲಿ ಚಂದ ಬರೆಯುತ್ತಿದ್ದವನು ನೀನೇ, ಈಗ ನನ್ನ ಸಮಕ್ಕೆ ಬಂದೆ. ಆ ಮಟ್ಟಿಗೆ ಸಂತೋಷವೇ.

ಮೊನ್ನೆ ಕೆಲಸದ ಮೇಲೆ ಚಿತ್ತಾಪುರಕ್ಕೆ ಹೋಗಿದ್ದೆ. ತಾಲೀಮಿನ ಬೀಗ ತುಕ್ಕು ಹಿಡಿದಿದೆ. ಕಿಂಡಿಯಲ್ಲಿ ಇಣುಕಿದೆ, ಮಣ್ಣಿನ ಮೇಲೆ ಹುಲ್ಲು ಬೆಳೆದಿದೆ. ನಾವು ಮರದ ಗದೆಗಳ ಜೋಡಿ ತಿರುವುವಾಗ ಗೋಡೆಗೆ ತಗುಲಿಸಿ ಉದುರಿಸಿದ ಗಿಲಾವು ಹಾಗೆಯೇ ಇದೆ. ಸಾಮು ಮುಗಿದ ಮೇಲೆ ಉಸ್ತಾದರು ಒಂದೇ ಲೋಟದಲ್ಲಿ ಬದಾಮಿ ಹಾಲು ಕೊಟ್ಟು "ಪಾಳಿ ಹಚ್ಚಿ ಕುಡೀರಿ, ಕೊನೀದವಗ ಗಟ್ಟಿ ಹಾಲು" ಅನ್ನುತ್ತಿದ್ದರಲ್ಲ, ಕೊನೆಯವನಾಗಲು ನಾವು ಎಷ್ಟು ಜಗಳಾಡಿದ್ದೇವೆ! ಅಂಗಡಿಯವನ ಹತ್ತಿರ ಹಾಲು ಕುಡಿದೆ. ಗಟ್ಟಿಯಾಗಿಯೇ ಇತ್ತು, ಸೇರಲಿಲ್ಲ.

ವಾಡಿಯಲ್ಲಿ ಮಗಳ ಮನೆಯಲ್ಲಿರುವ ಉಸ್ತಾದರ ಹತ್ತಿರ ಹೋಗುವ ಅವಸರ ಬೇಡ. ವಯಸ್ಸಾಗಿದೆ, ಯಾರಾದರೂ ಬಂದರೆ ದಣಿಯುತ್ತಾರೆ. ನಿನ್ನ ಶರಣು ನಾನೇ ಮುಟ್ಟಿಸುತ್ತೇನೆ. ನೀನು ಸಾಮು ಬಿಡಬೇಡ, ಅದೇ ಅವರ ಪಾದ ಮುಟ್ಟಿದ ಹಾಗೆ.

ಕಾಶಪ್ಪ


ಚಿಂಚೋಳಿ
೬ ಅಕ್ಟೋಬರ್ ೧೯೫೧
(ಕಾರ್ಡು)

ಕಾಶ್ಯಾ,

ಈ ವರ್ಷ ದಸರೆ, ಮೊಹರಮ್ ಒಂದೇ ವಾರದಲ್ಲಿ ಬಂದಿವೆ. ಸಾಲೆಗೆ ಸೂಟಿ. ನಾಳೆ ಸೇಡಂತನಕ ಮೋಟಾರಿನಲ್ಲಿ ಹೋಗಿ ಅಲ್ಲಿಂದ ರೈಲಿನಲ್ಲಿ ವಾಡಿಗೆ ಹೋಗುತ್ತೇನೆ. ಬೇಡ ಅನ್ನಬೇಡ. ಉಸ್ತಾದರು ಕರೆದಿಲ್ಲ, ಆದರೂ ಹೋಗಬೇಕು.

ಕಲ್ಯಾಣಪ್ಪ


ಶಹಾಬಾದ
೯ ಅಕ್ಟೋಬರ್ ೧೯೫೧

ತಂಗಿ ಭಾಗಮ್ಮ,

ಅವನು ಇನ್ನೂ ಹೊರಟಿರದಿದ್ದರೆ ಏನಾದರೂ ನೆಪ ಹೇಳಿ ಹಿಡಿದು ನಿಲ್ಲಿಸು. ಹುಕುಂ ಸುಳ್ಳು ಎಂದು ಉಸ್ತಾದರ ಬಾಯಿಂದಲೇ ಕೇಳಿದರೆ ಅವನು ಮತ್ತೆ ನೆಲ ಹಿಡಿಯುತ್ತಾನೆ. ಆ ಒಂದು ಮಾತಿನ ಮೇಲೆ ಎದ್ದು ನಿಂತವನು ಅವನು. ಗಣಿಯಲ್ಲಿ ಲಾರಿಗಳು ಕಾದು ನಿಂತಿವೆ, ನಾನೇ ಬರಲು ಆಗುತ್ತಿಲ್ಲ. ನನಗೆ ಹೆದರಿಕೆಯಾಗಿದೆ.

ಕಾಶಪ್ಪ


ಚಂದಾಪುರ
೧೨ ಅಕ್ಟೋಬರ್ ೧೯೫೧

ಅಣ್ಣ,

ಅವರು ಹೋಗಿ ಐದು ದಿನವಾಯಿತು. ನಾನೇ ಬುತ್ತಿ ಕಟ್ಟಿ ಕಳಿಸಿದೆ. ನಿಜ ತಿಳಿದರೆ ಏನಾಗುತ್ತದೆಂದು ನನಗೂ ಹೆದರಿಕೆಯಿತ್ತು. ಆದರೆ ಅಂಗಳಕ್ಕೂ ಇಳಿಯದಿದ್ದವರು ಒಬ್ಬನೇ ಮೋಟಾರು ಹತ್ತಿ ಹೋಗುತ್ತೇನೆ ಎಂದು ಟೋಪಿ ಹಾಕಿಕೊಂಡು ನಿಂತಾಗ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಇನ್ನೂ ತಿರುಗಿ ಬಂದಿಲ್ಲ.

ಭಾಗಮ್ಮ


ವಾಡಿ
೧೩ ಅಕ್ಟೋಬರ್ ೧೯೫೧

ಕಾಶ್ಯಾ,

ನಿನಗೆ ಒಂದು ಕಪಾಳಮೋಕ್ಷ ಬಾಕಿ ಇದೆ. ಬಂದಾಗ ಕೊಡುತ್ತೇನೆ. ಈಗ ಇಲ್ಲಿ ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಅಮೀರ್ಬೀ ಅಕ್ಕನ ಮನೆ ರೈಲ್ವೆಯವರ ಸಾಲುಮನೆಗಳಲ್ಲಿ ಕೊನೆಯದು. ಅಂಗಳದಲ್ಲಿ ಒಗೆದ ಬಟ್ಟೆಗೆಲ್ಲ ಇಂಜಿನ್ನಿನ ಮಸಿ. ಅಕ್ಕ ನನ್ನನ್ನು ನೋಡಿ ಗುರುತು ಹಿಡಿದಳು, ಹಿಡಿದು ಚಹಾಕ್ಕೆ ಇಟ್ಟಳು. ಕುಡಿದೆ. ಉಸ್ತಾದರು ಅಂಗಳದ ಪಡಸಾಲೆಯಲ್ಲಿ ನವಾರದ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿದ್ದರು. ಆ ಬೆನ್ನು ನೋಡಿದೆನಲ್ಲ ಕಾಶ್ಯಾ, ನನಗೆ ನನ್ನನ್ನೇ ಕಂಡ ಹಾಗಾಯಿತು. ನಾವು ನಾಲ್ವರು ಒಟ್ಟಿಗೆ ನೂಕಿದರೂ ಅಲುಗದಿದ್ದ ಬೆನ್ನು, ಈಗ ಎಲುಬು ಎಣಿಸಬಹುದು.

ಪಾದ ಮುಟ್ಟಿದೆ. "ನಿಮ್ಮ ಹುಕುಂ ಬಂತ್ರಿ ಉಸ್ತಾದ. ಅದರಂಗೇ ಮಾಡಾಕತ್ತೀನಿ. ಸಾಲಿಗೂ ಹೊಂಟೀನಿ" ಎಂದೆ.

ತಿರುಗಲಿಲ್ಲ. ಗೋಡೆಗೇ ಹೇಳಿದ ಹಾಗೆ, "ನಾ ಯಾವ ಹುಕುಂ ಕೊಟ್ಟಿಲ್ಲ" ಅಂದರು. "ಹುಕುಂ ಕೊಡೋ ಮನಷ್ಯಾ ಸತ್ತು ಮೂರು ವರ್ಸ ಆತು. ನೀ ಹೋಗು."

ನನ್ನ ಕೈ ನಡುಗಲು ಶುರುವಾಯಿತು. ಮೊದಲಿನ ಹಾಗೆಯೇ, ಎರಡೂ. ನೀನು ಸುಳ್ಳು ಬರೆದದ್ದು ಆ ಕ್ಷಣಕ್ಕೇ ತಿಳಿಯಿತು. ಇವರು ನನ್ನನ್ನು ನೆನೆಸಿಯೇ ಇರಲಿಲ್ಲ. ನನ್ನ ಹುಡುಗ ಎಂದು ಯಾರೂ ಅಂದಿರಲಿಲ್ಲ. ಎದ್ದು ಬಾಗಿಲತನಕ ಹೋದೆ. ಸ್ಟೇಷನ್ನಿಗೆ ಹೋಗಿ ಕೂಡಬೇಕು, ಮನೆಗೆ ಹೋಗಿ ಮಲಗಬೇಕು, ಇಷ್ಟೇ ತಲೆಯಲ್ಲಿದ್ದದ್ದು.

ಬಾಗಿಲಲ್ಲಿ ನಿಂತಾಗ ಇನ್ನೊಂದು ವಿಚಾರ ಬಂತು. ಉಸ್ತಾದರು ಹೇಳಿಲ್ಲವಾದರೆ ನಾನು ಈ ಆರು ತಿಂಗಳು ಎದ್ದದ್ದು ಯಾರ ಮಾತಿಗೆ? ನಿನ್ನ ಸುಳ್ಳು ಒಂದು ಕಾರ್ಡು, ಅದು ಒಂದು ದಿನ ಎಬ್ಬಿಸಿರಬಹುದು. ಉಳಿದ ದಿನ ಎದ್ದವನು ನಾನೇ ಅಲ್ಲವೇ? ಕೈ ನಡುಗುತ್ತಲೇ ಇತ್ತು. ನಡುಗುವಾಗ ಏನು ಮಾಡಬೇಕೆಂದು ನನಗೆ ಈಗ ಒಂದೇ ಗೊತ್ತು. ಅಂಗಳಕ್ಕೆ ತಿರುಗಿ ಬಂದು, ಅಂಗಿ ಬಿಚ್ಚಿ ಹಗ್ಗದ ಮೇಲೆ ಹಾಕಿ, ಅಂಗೈ ನೆಲಕ್ಕೆ ಊರಿದೆ.

ಒಂದು ದಂಡ ತೆಗೆದೆ, ಎರಡು ತೆಗೆದೆ. ಎಮ್ಮೆಯ ಮುಂದೆ ಕಲಿತ ಸಾಮು, ಹೇಗಿರುತ್ತದೆ ಹೇಳು. ಮುಂದಿನದಕ್ಕೆ ಇಳಿಯುವಾಗ ಹಿಂದಿನಿಂದ ಗುಡುಗಿದ ಹಾಗೆ, "ಸೊಂಟಾ ಎತ್ತು ಲೇ ಗಧೇ! ಯಾರು ಕಲಿಸ್ಯಾರ ನಿನಗ ಹಿಂಗ?"

ಅಮೀರ್ಬೀ ಅಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿಬಂದಳು. ಉಸ್ತಾದರು ಮಂಚದ ಪಟ್ಟಿ ಹಿಡಿದು ಎದ್ದು ಕೂತಿದ್ದರು. ಕಣ್ಣು ನನ್ನ ಸೊಂಟದ ಮೇಲೆ. ಇಳಿದು ಗೋಡೆ ಹಿಡಿದುಕೊಂಡು, ಕಾಲೆಳೆಯುತ್ತ ಬಂದು ನನ್ನ ಪಕ್ಕದಲ್ಲಿ ನಿಂತರು. "ಇನ್ನಾ ಎತ್ತು. ಇನ್ನಾ." ನಾನು ಎತ್ತಿದೆ. ತಲೆಯ ಮೇಲೆ ಅವರ ಉಸಿರು ಕೇಳಿಸುತ್ತಿತ್ತು. ಬಹಳ ಮೆಲ್ಲಗೆ, ತಮ್ಮಷ್ಟಕ್ಕೆ ಅಂದುಕೊಂಡ ಹಾಗೆ, "ಬಸವಂತಂದು ಹಿಂಗ ಸೊಂಟ ಬೀಳ್ತಿರಲಿಲ್ಲ" ಅಂದರು.

ಮೂರು ವರ್ಷದಲ್ಲಿ ನನ್ನ ಮುಂದೆ ಯಾರೂ ಬಸವಂತನ ಹೆಸರನ್ನು ಹಾಗೆ ಅಂದಿರಲಿಲ್ಲ. ಅಯ್ಯೋ ಪಾಪ ಅಂದವರೇ ಎಲ್ಲ. ಅವನ ಸೊಂಟ ಚಲೋ ಇತ್ತು ಎಂದವರು ಒಬ್ಬರೂ ಇಲ್ಲ. ನಾನು ತಲೆ ಎತ್ತದೆ, "ಸರ್ದಾರಂದೂ ಬೀಳ್ತಿರಲಿಲ್ರಿ ಉಸ್ತಾದ" ಎಂದೆ.

ನನ್ನ ಬೆನ್ನ ಮೇಲೆ ಏನೋ ಬಿಸಿಯಾಗಿ ಬಿತ್ತು, ಅಳುತ್ತಿದ್ದಾರೆ ಎಂದು ಗೊತ್ತಾಯಿತು. ನನಗೂ ತಡೆಯಲಾಗಲಿಲ್ಲ. ಚಕ್ಕಡಿಯ ದಿನ ಬರದಿದ್ದ ಅಳು ಆ ಅಂಗಳದಲ್ಲಿ ಬಂತು, ಎದೆ ನೆಲಕ್ಕೆ ಹತ್ತಿತು, ತೋಳು ಸೋತವು. ಏಳಬಾರದು ಅನಿಸಿತು. ಅಷ್ಟರಲ್ಲಿ ಮೇಲಿನಿಂದ, ಮೂಗು ಏರಿಸಿಕೊಳ್ಳುತ್ತ, ಉಸ್ತಾದರ ಧ್ವನಿ ಬಂತು:

"ನಿಂದ್ರಬ್ಯಾಡ. ಅಳಕೋತನೇ ತೆಗಿ."

ತೆಗೆದೆ.

ನಿನ್ನ
ಕಲ್ಯಾಣಪ್ಪ